ಓಬಳೆಪ್ಪ ಕಾಫಿ ಹುರಿದದ್ದು

ಕುಷ್ಟಗಿಯ ತಹಸೀಲು ಕಚೇರಿಯ ಜವಾನ ಓಬಳೆಪ್ಪ ಆ ಮುಂಜಾನೆ ಕಂಕುಳಲ್ಲಿ ಹಸಿ ಕಾಫಿ ಬೀಜದ ಒಂದು ಗಂಟನ್ನೂ ತಲೆಯಲ್ಲಿ ಎರಡು ಹುಕುಮುಗಳನ್ನೂ ಹೊತ್ತು ಮನೆಗೆ ಬಂದ.

ಮೊದಲನೆಯ ಹುಕುಮು ತಹಸೀಲ್ದಾರ ನರಸಿಂಗರಾಯರದು. ಬಂಗಲೆಯ ಪಡಸಾಲೆಯಲ್ಲಿ ಗಂಟು ಕೊಡುತ್ತ, "ನೋಡೋ, ಬೀಜ ಗೋಧಿ ಬಣ್ಣಕ್ಕ ಬಂತಂದ್ರ ಇಳಿಸಿಬಿಡು. ಕರ್ರಗಾತಂದ್ರ ಅದು ಕಾಫಿ ಅಲ್ಲ, ಇದ್ದಲಿ. ಖಬರದಾರ್!" ಎಂದಿದ್ದರು.

ಎರಡನೆಯದು ಅವರ ಹೆಂಡತಿಯದು. ಅಮ್ಮಾವರು ಮೈಸೂರು ಸೀಮೆಯವರು. ಬೀಜ ಬಂದದ್ದೂ ಅವರ ತವರಿನಿಂದಲೇ. ಹಿತ್ತಲ ಬಾಗಿಲಲ್ಲಿ ಅವನನ್ನು ತಡೆದು, "ಅವರ ಮಾತು ಕಿವಿಗೆ ಹಾಕ್ಕೋಬೇಡ. ಕಪ್ಪಗೆ, ಎಣ್ಣೆ ಜಿನುಗೋ ಹಾಗೆ ಹುರಿ. ಹಸಿ ಬಿಟ್ಟೆಯೋ, ಅಷ್ಟನ್ನೂ ನಿನಗೇ ಕುಡಿಸ್ತೀನಿ" ಎಂದಿದ್ದರು.

ಬಂಗಲೆಯ ಅಡುಗೆಯವ ಜ್ವರ ಬಂದು ಊರಿಗೆ ಹೋಗಿದ್ದ. ಹುರಿಯುವ ಹೊಗೆ ಅಮ್ಮಾವರ ಎದೆಗೆ ಆಗುತ್ತಿರಲಿಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಚಹಾ ಬಿಟ್ಟು ಬೇರೆ ಕಾಣದ ಓಬಳೆಪ್ಪನ ಕೊರಳಿಗೆ ಈ ಕೆಲಸ ಬಿದ್ದಿತ್ತು. ಎಲ್ಲೋ ಯುದ್ಧ ನಡೆದು ಸಕ್ಕರೆ, ಸೀಮೆಎಣ್ಣೆಗೂ ಬರ ಬಂದಿದ್ದ ಕಾಲ. ಈ ಬೀಜ ಕೆಟ್ಟರೆ ಮತ್ತೊಂದು ಗಂಟು ಬರುವ ಮಾತಿರಲಿಲ್ಲ.

ಬೇರೆ ದಿನವಾಗಿದ್ದರೆ ಬೈಗುಳ ತಿಂದು ಸುಮ್ಮನಾಗುತ್ತಿದ್ದ. ಇವತ್ತು ಹಾಗಿರಲಿಲ್ಲ. ಗಂಗಾವತಿಯ ಕಚೇರಿ ಒಬ್ಬ ಜವಾನನನ್ನು ಕೇಳಿತ್ತು, ಯಾರನ್ನು ಕಳಿಸಬೇಕೆಂದು ಸಾಹೇಬರು ಇವತ್ತೇ ಹೇಳುವವರಿದ್ದರು. ಗಂಗಾವತಿಯ ತವರಿನಲ್ಲಿ ಓಬಳೆಪ್ಪನ ಹೆಂಡತಿ ಪಂಪಾವತಿ ಹೆಣ್ಣು ಹೆತ್ತಿದ್ದಳು. ಕೂಸಿನ ಮೂಗು ಥೇಟ್ ಅಪ್ಪನದೇ ಎಂದು ಗಾಡಿಯವರು ಸುದ್ದಿ ತಂದಿದ್ದರು. ಆ ಮೂಗನ್ನು ನೋಡಲು ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ವರ್ಗದ ಹುಕುಮು ಸಾಹೇಬರ ಕೈಯಲ್ಲಿತ್ತು. ಸಾಹೇಬರು ಅಮ್ಮಾವರ ಕೈಯಲ್ಲಿದ್ದರು. ಯಾರ ಮಾತು ಮೀರಿದರೂ ಗಂಗಾವತಿ ಕೈತಪ್ಪುತ್ತಿತ್ತು.

ಅಂಗಳದ ಒಲೆಗೆ ಕುಳ್ಳು ಒಟ್ಟುವಷ್ಟರಲ್ಲಿ ಓಣಿ ಬಂದು ನೆರೆಯಿತು. ಪಕ್ಕದ ಮನೆಯ ಮುದುಕಿ ಶೇಖರಮ್ಮ ಒಂದು ಬೀಜ ಕಚ್ಚಿ ನೋಡಿ, "ಥೂ, ಇದೇನು ಆಡಿನ ಹಿಕ್ಕಿ ಇದ್ದಂಗ ಐತಿ!" ಎಂದಳು. ಅದೇ ಕಚೇರಿಯ ಇನ್ನೊಬ್ಬ ಜವಾನ ಗಾಳೆಪ್ಪ, "ಕರ್ರಗ ಹುರಿಯೋ ಮಾರಾಯಾ. ಸಾಹೇಬ ಸಿಟ್ಟಾದ್ರ ಕಚೇರಿ ಹೊತ್ತಿನಾಗಷ್ಟ. ಅಮ್ಮಾವ್ರು ಸಿಟ್ಟಾದ್ರ ಎಂಟೂ ಪಹರೆ, ಹಗಲೂ ರಾತ್ರೀನೂ" ಎಂದ. ಗಾಳೆಪ್ಪನಿಗೆ ಕುಷ್ಟಗಿಯಲ್ಲೇ ಸ್ವಂತ ಮನೆ, ಎರಡು ಎಮ್ಮೆ ಇದ್ದವು. ಕಳಿಸುವುದಾದರೆ ಇವರಿಬ್ಬರಲ್ಲೊಬ್ಬರನ್ನೇ. ಓಬಳೆಪ್ಪ ಗಂಗಾವತಿಗೆ ಹೋದರೆ ತಾನು ಇಲ್ಲೇ ಉಳಿದೆ ಎಂಬುದು ಅವನ ಲೆಕ್ಕ.

"ಅರ್ಧ ಹಗೂರ, ಅರ್ಧ ಕರ್ರಗ ಹುರೀತೀನಿ. ಎರಡು ಪುಡಿ, ಎರಡು ಡಬ್ಬಿ" ಎಂದ ಓಬಳೆಪ್ಪ.

"ಶಾಣ್ಯಾ ಅದಿ!" ಎಂದಳು ಆಡು ಹಿಡಿದುಕೊಂಡು ಬಂದಿದ್ದ ಓಣಿಯ ಗೌಸಬೀ.

ಮೊದಲರ್ಧ ಗೋಧಿ ಬಣ್ಣಕ್ಕೆ ಬಂತು. ಮೊರದಲ್ಲಿ ಹರವಿ ಆರಲು ಇಟ್ಟು, ಉಳಿದರ್ಧವನ್ನು ಹಂಚಿಗೆ ಹಾಕಿದ. ಬೀಜ ಚಟಪಟ ಸಿಡಿದು ಕಪ್ಪಾಗತೊಡಗಿತು. "ಈಗ ಇಳಿಸು" ಎಂದಳು ಶೇಖರಮ್ಮ. "ಇನ್ನೂ ಆಗಬೇಕು" ಎಂದು ಗಾಳೆಪ್ಪ ಊದುಗೊಳವಿ ತೆಗೆದುಕೊಂಡು ಊದಿದ. ಹೊಗೆ ಎದ್ದಿತು. ಮದುವೆಮನೆಗೆ ಬೆಂಕಿ ಬಿದ್ದಂತೆ ಎಲ್ಲರೂ ಕೆಮ್ಮುತ್ತ ಹಿಂದೆ ಸರಿದರು. ಗೌಸಬೀ ಕಣ್ಣೊರೆಸಲು ಹಗ್ಗ ಬಿಟ್ಟಳು. ಆಡು ನೇರ ಮೊರದೊಳಗೆ ಮೂಗು ತೂರಿಸಿತು.

"ಏ ಹಿಡೀರಿ!" ಓಬಳೆಪ್ಪ ಸೌಟು ಎಸೆದು ಹಾರಿದ. ಆಡು ಬೆದರಿ ಮೊರವನ್ನು ಒದ್ದು ಓಡಿತು. ಬೀಜವೆಲ್ಲ ಅಂಗಳದ ಮಣ್ಣಿಗೆ ಚೆಲ್ಲಾಪಿಲ್ಲಿಯಾಯಿತು. ಅವನು ಮಂಡಿಯೂರಿ ಒಂದೊಂದೇ ಹೆಕ್ಕಿ, ಊದಿ, ಪಂಜೆಯ ಸೆರಗಿಗೆ ತುಂಬಿಕೊಂಡು ಏಳುವಷ್ಟರಲ್ಲಿ ಹಂಚಿನ ಮೇಲಿನದು ಮುಕ್ಕಾಲು ಇದ್ದಲಿಯಾಗಿತ್ತು.

ಅದೇ ಹೊತ್ತಿಗೆ ಬಂಗಲೆಯ ಕಸದಾಕೆ ಬಾಗಿಲಲ್ಲಿ ನಿಂತು ಕೂಗಿದಳು. "ಲಗೂನ ಬರಬೇಕಂತ. ಇಬ್ಬರೂ ಕಾಯಾಕ ಹತ್ಯಾರ!"

"ಸರಿ ಆಕಡೆ" ಎಂದು ಶೇಖರಮ್ಮ ಬೀಸುಕಲ್ಲಿನ ಮುಂದೆ ಕುಳಿತು, ಅವನು ತಡೆಯುವ ಮೊದಲೇ ಕಂದು ಬೀಜವನ್ನೂ ಕರಿ ಬೀಜವನ್ನೂ ಒಟ್ಟಿಗೆ ಸುರಿದು ಬೀಸಿಬಿಟ್ಟಳು. ಕಲ್ಲಿನಲ್ಲಿ ಉಳಿದಿದ್ದ ಜೋಳದ ಹಿಟ್ಟೂ ಅದರೊಂದಿಗೆ ಸೇರಿತು.

"ಅತ್ತೀ, ನನ್ನ ಮನಿ ಹಾಳು ಮಾಡಿದಿ!"

"ಪುಡಿ ಆದಮ್ಯಾಲೆ ಯಾರಿಗೆ ತಿಳೀತೈತೋ ಹುಚ್ಚಾ? ಓಡು."

ಬಂಗಲೆಯಲ್ಲಿ ಅಮ್ಮಾವರೇ ಕಾಫಿ ಇಳಿಸಿ ಎರಡು ಲೋಟ ತಂದರು. ಓಬಳೆಪ್ಪ ಪಡಸಾಲೆಯ ಕಂಬಕ್ಕೆ ಅಂಟಿಕೊಂಡು ನಿಂತ. ಅವನ ಕಣ್ಣಿಗೆ ಗಂಗಾವತಿಯ ದಾರಿ ಬೀಳುಬಿಟ್ಟ ಹೊಲದಂತೆ ಕಾಣುತ್ತಿತ್ತು. ಸಾಹೇಬರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಇನ್ನೊಂದು ಕುಡಿದರು.

"ವಾಹ್! ನೋಡಿದಿ? ಹಗೂರ ಹುರಿದ್ರ ಹಿಂಗ ಘಮ ಬರ್ತದ. ನನ್ನ ಮಾತು ಕೇಳ್ಯಾನ."

"ನಿಮ್ಮ ಮಾತಾ?" ಎಂದರು ಅಮ್ಮಾವರು. "ಹಾಗಾದರೆ ಈ ಕಹಿ ಎಲ್ಲಿಂದ ಬಂತು? ಕಪ್ಪಗೆ ಹುರಿದಿದ್ದಾನೆ, ನಾನು ಹೇಳಿದ ಹಾಗೆ."

ಇಬ್ಬರೂ ಒಮ್ಮೆಲೇ ಅವನತ್ತ ತಿರುಗಿದರು. "ಹೇಳೋ, ಯಾರ ಮಾತು ಕೇಳಿದಿ?"

ಓಬಳೆಪ್ಪ ಕಂಬ ಬಿಟ್ಟು ಮುಂದೆ ಬಂದ. "ಇಬ್ಬರದೂ ಕೇಳೀನ್ರೀ ಸಾಹೇಬ್ರ. ಒಂದ ಬಿಟ್ಟು ಒಂದ ಕೇಳಿಲ್ಲರಿ."

ಅಮ್ಮಾವರು ನಕ್ಕರು. ಅವರು ನಕ್ಕದ್ದು ನೋಡಿ ಸಾಹೇಬರೂ ನಕ್ಕರು. ಮದುವೆಯಾದಂದಿನಿಂದ ನಡೆದಿದ್ದ ಜಗಳ ಒಂದೊಂದು ಲೋಟದಲ್ಲಿ ಮುಗಿದಿತ್ತು. ಓಬಳೆಪ್ಪನಿಗೆ ಜೀವ ಬಂತು. ಇದೇ ಹೊತ್ತೆಂದು ಕೈಮುಗಿದ. "ಸಾಹೇಬ್ರ, ಆ ಗಂಗಾವತಿದು..."

"ಅರೆ, ಅದನ್ನ ಮುಂಜಾನೀನೇ ನಿನ್ನ ಹೆಸರಿಗೆ ಹೇಳಿಬಿಟ್ಟಿದ್ದೆ" ಎಂದರು ಸಾಹೇಬರು. "ನಾಳೆ ಹೊರಡಬೇಕಿತ್ತು ನೀನು. ಈಗ ರದ್ದು! ಇಂಥಾ ಕೈ ಬಿಟ್ಟುಕೊಡಾಕ ನನಗೇನು ಹುಚ್ಚ? ನಾನು ಇಲ್ಲಿರೋತನಕ ನೀನೂ ಇಲ್ಲೇ."

"ಅವನ ಹೆಂಡತಿ, ಮಗೂನ ಇಲ್ಲಿಗೇ ಕರೆಸಿಕೊಳ್ಳಲಿ ಬಿಡಿ" ಎಂದು ಒಪ್ಪಿಸಲು ಹೋದರು ಅಮ್ಮಾವರು.

"ಆಕಿ ಬಂದ್ರ ಇವನ ಲಕ್ಷ್ಯ ಕಾಫಿ ಮ್ಯಾಲೆ ಇರ್ತದೇನು?" ಎಂದರು ಸಾಹೇಬರು. ಅಮ್ಮಾವರು ಲೋಟದ ತಳ ನೋಡಿ, ಹೌದೆಂಬಂತೆ ತಲೆಯಾಡಿಸಿದರು. ಗಂಡಹೆಂಡಿರು ಅಂದು ಎಲ್ಲದಕ್ಕೂ ಒಂದೇ ಮಾತಾಗಿದ್ದರು.

ಓಬಳೆಪ್ಪ ಹೇಗೆ ಮನೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಅಂಗಳದಲ್ಲಿ ಮೂವರೂ ಕಾಯುತ್ತಿದ್ದರು.

"ಹ್ಯಾಂಗಾತೋ ಕಾಫಿ?" ಎಂದಳು ಶೇಖರಮ್ಮ.

"ಭಾಳ ಛಲೋ ಆತು."

"ಹಂಗಾದ್ರ ಗಂಗಾವತಿಗೆ ಹೋಗಾಕ ಗಂಟು ಕಟ್ಟಬೇಕಲ್ಲಪಾ!" ಎಂದು ಗಾಳೆಪ್ಪ ನಕ್ಕು ಅವನ ಬೆನ್ನು ಚಪ್ಪರಿಸಿದ.

"ಕಟ್ಟಬೇಕು" ಎಂದ ಓಬಳೆಪ್ಪ, ಕಟ್ಟೆಯ ಮೇಲೆ ಕುಸಿಯುತ್ತ. "ಆದ್ರ ನಂದಲ್ಲ, ನಿಂದು."