ಕೊಡಲಿಯ ಎದೆ ಫೋಟೋ

ನಮ್ಮ ಕಾಕಾ ಹೆಂಡತಿಗೆ ಹೆದರುತ್ತಿರಲಿಲ್ಲ, ಹೆಂಡತಿಯ ಕೈಯಲ್ಲಿನ ಹುಣಸೆಹಣ್ಣಿಗೆ ಹೆದರುತ್ತಿದ್ದ! ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ಹಿಂದಿನ ದಿನ, ನಮ್ಮ ಮನೆಯ ಕೊನೆಯ ಸಾದಾ ದಿನ, ಕಾಕು ಕುಡಗೋಲು, ಕುರ್ಪಿ, ತಾಮ್ರದ ಹಂಡೆ ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿ, ಕಾಕಾನ ತೊಡೆಯ ಮೇಲಿದ್ದ ತಾಮ್ರದ ಕೊಡಲಿಗೂ ಕೈ ಚಾಚಿದಳು.

"ಮುಟ್ಟಬ್ಯಾಡ ಬೇ! ಸಾವಿರಾರು ವರ್ಷದ್ದೈತಿ."

"ಇಷ್ಟ ವರ್ಷ ತಿಕ್ಕಿಲ್ಲಂದ್ರ ನಾಚಿಕಿ ಬರಬೇಕ್ರಿ!"

ಅದು ಆ ವರ್ಷದ ಬೇಸಿಗೆಯಲ್ಲಿ, ಅಥಣಿ ಹತ್ತಿರದ ನಮ್ಮೂರು ಅನಂತಪುರದ ಕಬ್ಬಿನ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದು. ಮೈತುಂಬ ಹಸಿರು. ಆ ಹಸಿರು ಕೆರೆದರೆ ಕೊಡಲಿಯ ಕಥೆಯೇ ಹೋಗುತ್ತದೆ ಎಂದು ಧಾರವಾಡದಿಂದ ಬಂದ ಮಾಸ್ತರೊಬ್ಬರು ಹೇಳಿಹೋಗಿದ್ದರು. ಹಾಗಾದರೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ಕಾಕಾ ಅಯಸ್ಕಾಂತ ಹಿಡಿದ, ನೀರಲ್ಲಿ ಮುಳುಗಿಸಿ ತೂಗಿದ, ಬೆರಳಿಂದ ಬಡಿದು ಕಿವಿಗೊಟ್ಟ. ಬಂಗಾರದ ಕೆಲಸದ ಪತ್ತಾರ, "ಒಂದ ಗೀರು ಎಳೀತೀನ್ರಿ, ಒರೆಗಲ್ಲು ಹೇಳ್ತೈತಿ" ಅಂದ.

"ಮೊದಲ ನಿನ್ನ ಮೂಗಿನ ಮ್ಯಾಲ ಎಳಿ!"

ಕೊನೆಗೆ ಕೊಡಲಿಯನ್ನು ಧೋತರದಲ್ಲಿ ಸುತ್ತಿ, ಕೂಸಿನಂತೆ ಅವಚಿಕೊಂಡು ಅಥಣಿಯ ದವಾಖಾನೆಗೆ ಹೊರಟ. ಜೊತೆಗೆ ನಾನು. ಬಸ್ಸಿನಲ್ಲಿ ಒಬ್ಬ ಅಜ್ಜಿ ಎದ್ದು ಜಾಗ ಕೊಟ್ಟಳು. "ಕೂಸು ಭಾಳ ಶಾಂತ ಐತಿ ನೋಡ್ರಿ" ಅಂದಳು!

"ಯಾರದ ಎಲುಬು ಮುರದೈತ್ರಿ?" ಡಾಕ್ಟರು ಕೇಳಿದರು.

"ಮುರದಿಲ್ರಿ ಸಾಹೇಬ್ರ. ಮುರೀದಂಗ ಒಳಗ ನೋಡಬೇಕಾಗೈತಿ."

ಡಾಕ್ಟರು ನಗುತ್ತಲೇ ಎಕ್ಸ್‌ರೇ ತೆಗೆದರು. ಕಪ್ಪು ಹಾಳೆಯ ನಡುವೆ ಬರೀ ಬಿಳಿ ಕೊಡಲಿ! ಒಳಗಿನದು ಏನೂ ಕಾಣಲಿಲ್ಲ. "ಮೈ ಭಾಳ ಗಟ್ಟಿ ಐತ್ರಿ, ಅದಕ ಪೂರಾ ಬಿಳಿ ಬಂದೈತಿ" ಅಂದರು. ಕಾಕಾನಿಗೆ ಅಷ್ಟೇ ಸಾಕಾಯಿತು. ಹಾಳೆಯನ್ನು ಕಿಟಕಿಗೆ ಅಂಟಿಸಿದ. ಊರಿನ ಮೊದಲ ಟಿ.ವಿ. ನೋಡಲು ಹೊರಟವರನ್ನೂ ತಡೆದು ನಿಲ್ಲಿಸಿ, "ಬಿಳಿ ಅಂದ್ರ ಗಟ್ಟಿ!" ಎಂದು ಪಾಠ ಮಾಡುತ್ತಿದ್ದ.

ಆ ಖಂಡೆಪೂಜೆಯ ದಿನ ಆರತಿ ಮುಗಿಯುವ ಮೊದಲೇ ಕಾಕಾನ ಕೆಮ್ಮಿನಲ್ಲಿ ರಕ್ತ ಬಂತು. ಅದೇ ದವಾಖಾನೆ, ಅದೇ ಮಷೀನು. ಈ ಸಲ ಕಾಕಾನ ಎದೆ ಫೋಟೋ. ಎಡಗಡೆ ಲಿಂಬೆಹಣ್ಣಿನಷ್ಟು ಬಿಳಿ. ಡಾಕ್ಟರು ಬಾಯಿ ಬಿಡುವ ಮೊದಲೇ ಕಾಕಾ ನನ್ನತ್ತ ತಿರುಗಿ, "ನೋಡವಾ, ನನ್ನ ಎದಿನೂ ಗಟ್ಟಿ ಐತಿ!" ಅಂದ.

ತಿಳಿದು ಅಂದನೋ, ತಿಳಿಯದೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಖಂಡೆಪೂಜೆಗೆ ಅವನಿರಲಿಲ್ಲ.

ಈಗಲೂ ಕಾಕು ಎಲ್ಲವನ್ನೂ ತಿಕ್ಕುತ್ತಾಳೆ. ಕೊನೆಗೆ ಹುಣಸೆಹಣ್ಣು ಹಿಡಿದು ಆ ಕೊಡಲಿಯ ಮುಂದೆ ತುಸು ಹೊತ್ತು ನಿಲ್ಲುತ್ತಾಳೆ. ಕೊಡಲಿ ಹಸಿರಾಗಿಯೇ ಇದೆ. ಮುಟ್ಟಬ್ಯಾಡ ಬೇ ಅನ್ನಲು ಕಾಕಾ ಇಲ್ಲ.