ಅತ್ತೆ ಬಂದ ಆವ್ರೋ

ಆಕಾಶ ಯಾರಪ್ಪನ ಸ್ವತ್ತೂ ಅಲ್ಲ, ನಿಜ. ಆದರೆ ರಾಜಾಜಿನಗರದ ಆ ಮನೆಯ ತಾರಸಿ ಮಾತ್ರ ಮುನಿವೆಂಕಟಪ್ಪನವರ ಸ್ವಯಾರ್ಜಿತ ಸ್ವತ್ತು. ಅವರ ಅಪ್ಪಣೆ ಪಡೆದು, ಅವರ ಹೆಂಡತಿ ಹನುಮಕ್ಕ ಒಣಹಾಕಿದ ಮೆಣಸಿನಕಾಯಿ ತುಳಿಯುವುದಿಲ್ಲವೆಂದು ಮಾತು ಕೊಟ್ಟು, ಹಿಂದಿನ ಭಾಗದ ಬಾಡಿಗೆದಾರ ಚಕ್ರಪಾಣಿ ದಿನವೂ ಆಫೀಸಿನಿಂದ ಬಂದವನೇ ಷರ್ಟು ಕೂಡ ಬದಲಿಸದೆ ಮೆಟ್ಟಿಲು ಹತ್ತುತ್ತಿದ್ದ. ಹತ್ತಿ ಮಾಡುತ್ತಿದ್ದುದೇನು? ವಿಮಾನ ನೋಡುತ್ತಿದ್ದ.

ನೋಡುವುದೆಂದರೆ ನಾವು ನೀವು ಕತ್ತೆತ್ತಿ ‘ಓ, ವಿಮಾನ’ ಅಂದುಕೊಂಡು ಮತ್ತೆ ತರಕಾರಿ ಆರಿಸುತ್ತೇವಲ್ಲ, ಹಾಗಲ್ಲ. ಗುಜರಿ ಸಂತೆಯಲ್ಲಿ ಕೊಂಡ ದುರ್ಬೀನು ಕಣ್ಣಿಗಿಟ್ಟುಕೊಂಡು, ಮೂಗು, ರೆಕ್ಕೆ, ಬಾಲಗಳನ್ನು ವಧುಪರೀಕ್ಷೆಯ ಗಾಂಭೀರ್ಯದಿಂದ ಪರಿಶೀಲಿಸಿ, ಅದು ಯಾವ ಜಾತಿಯ ವಿಮಾನವೆಂದು ತೀರ್ಪು ಕೊಡುತ್ತಿದ್ದ: “ಫೋಕರ್! ರೆಕ್ಕೆ ಹೆಗಲ ಮೇಲಿದೆ ನೋಡು. ಆವ್ರೋ ಆಗಿದ್ರೆ ಹೊಟ್ಟೆ ಹತ್ರ ಇರೋದು.” (ಆ ದುರ್ಬೀನಿಗೆ ಹೋದದ್ದು ದೀಪಾವಳಿಯ ಬೋನಸ್ಸು. ಆ ಬೋನಸ್ಸಿನಲ್ಲಿ ಹೆಂಡತಿ ಅಂಬುಜಾಗೆ ಪ್ರೆಷರ್ ಕುಕ್ಕರ್ ಬರಬೇಕಾಗಿತ್ತು. ಈ ವಿಷಯ ಆ ಮನೆಯಲ್ಲಿ ದಿನಕ್ಕೆ ಒಂದು ಸಲವಾದರೂ ಕೂಗುತ್ತಿತ್ತು, ಕುಕ್ಕರಿನ ಬದಲಿಗೆ.)

“ಕೊತ್ತಂಬರಿ ಸೊಪ್ಪು ತನ್ನಿ ಅಂದ್ರೆ ಮೆಂತ್ಯದ ಸೊಪ್ಪು ತರ್ತೀರಿ. ಮೈಲಿಗಟ್ಟಲೆ ಮೇಲಿರೋದರ ಜಾತಿ, ಗೋತ್ರ, ಸೂತ್ರ ಎಲ್ಲಾ ಗೊತ್ತು!” ಎನ್ನುತ್ತಿದ್ದಳು ಅಂಬುಜಾ.

ಅವಳ ತಾಯಿ ಅನಂತಲಕ್ಷ್ಮಮ್ಮನವರು ಇನ್ನೂ ಒಂದು ಹೆಜ್ಜೆ ಮುಂದೆ. ಹಿಂದಿನ ಸಲ ಬಂದಾಗ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು. ಮುಡಿಯ ಹತ್ತಿರ ತುಸು ಹೆಚ್ಚು ಹೊತ್ತು ನಿಂತಿದ್ದರು, ಯಾಕೆಂದರೆ ಆ ವರ್ಷ ಚಕ್ರಪಾಣಿ ಕಿವಿ ಮುಚ್ಚುವಂತೆ ಕೂದಲು ಬಿಟ್ಟು, ಕೆನ್ನೆಯ ಅರ್ಧದವರೆಗೆ ಕೃದಾ ಇಳಿಸಿದ್ದ. “ಅಳಿಯಂದಿರಿಗೆ ಎರಡೇ ಆಸ್ತಿ ಕಣೇ ಅಂಬುಜಾ. ಒಂದು ಆ ಕ್ರಾಪು, ಇನ್ನೊಂದು ಆ ದುರ್ಬೀನು. ಕ್ರಾಪು ಹೋಗಲಿ, ದುರ್ಬೀನನ್ನ ಹಳೇ ಬಟ್ಟೆ ಜೊತೆ ಪಾತ್ರೆಯವಳಿಗೆ ಹಾಕ್ಬಿಡು. ಒಂದು ಸ್ಟೀಲ್ ಡಬರಿಯಾದ್ರೂ ಬರುತ್ತೆ” ಎಂದಿದ್ದರು.

ಅಂದಿನಿಂದ ಚಕ್ರಪಾಣಿಗೆ ಬೀದಿಯಲ್ಲಿ “ಪಾತ್ರೆ, ಸ್ಟೀಲ್ ಪಾತ್ರೇ” ಎಂಬ ಕೂಗು ಕೇಳಿದರೆ ಸಾಕು, ಎದೆ ಧಸಕ್ ಎನ್ನುತ್ತಿತ್ತು. ದುರ್ಬೀನು ಉಳಿಯಬೇಕಾದರೆ ಅತ್ತೆಯ ಮನಸ್ಸು ತಿರುಗಬೇಕು. ಅತ್ತೆಯ ಮನಸ್ಸು ತಿರುಗಬೇಕಾದರೆ? ಆಗ ಹೊಳೆಯಿತು ನೋಡಿ ಆ ಮಹಾ ಉಪಾಯ. ಅತ್ತೆಯನ್ನೇ ವಿಮಾನ ಹತ್ತಿಸಿಬಿಡುವುದು!

ಅನಂತಲಕ್ಷ್ಮಮ್ಮ ಆಗ ಬೊಂಬಾಯಿಯಲ್ಲಿ ಮಗ ಕಿಟ್ಟಿಯ ಮನೆಯಲ್ಲಿದ್ದರು. ಚಕ್ರಪಾಣಿ ಭಾವಮೈದುನನ ಬೆನ್ನುಹತ್ತಿ, ಹೊಗಳಿ, ಕೆಣಕಿ, ಕೊನೆಗೂ ಟಿಕೆಟ್ ತೆಗೆಸಿದ. ಅಂಬುಜಾ ಮಾತ್ರ ಕರಾರು ಹಾಕಿದಳು. “ಅಮ್ಮ ಸುಖವಾಗಿ ಬಂದು, ಚೆನ್ನಾಗಿತ್ತು ಅಂತ ಅವಳ ಬಾಯಲ್ಲೇ ಅಂದ್ರೆ ದುರ್ಬೀನು ನಿಮ್ಮದು. ಇಲ್ಲಾಂದ್ರೆ ಪಾತ್ರೆಯವಳದು.”

“ಆಗ್ಲಿ! ಆವ್ರೋದಲ್ಲಿ ಬರ್ತಾರೆ. ಸರಿಯಾಗಿ ನಮ್ಮನೆ ಮೇಲೇ ಹೋಗುತ್ತೆ. ನಿಂತ ಜಾಗದಿಂದಲೇ ತೋರಿಸ್ತೀನಿ” ಎಂದ ಚಕ್ರಪಾಣಿ.

ಶುಕ್ರವಾರ ಅರ್ಧ ದಿನ ರಜೆ ಹಾಕಿದ. ಅಂಬುಜಾಳ ಅಕ್ಕನ ಗಂಡ ಲಕ್ಷ್ಮೀಪತಿ, ಊರಿನ ಆ ತುದಿಯಲ್ಲಿ ವಿಮಾನ ನಿಲ್ದಾಣದ ಹತ್ತಿರವೇ ಇರುವವನು, ಕಾರಿನಲ್ಲಿ ಹೋಗಿ ಅತ್ತೆಯನ್ನು ಕರೆತರುವುದೆಂದು ಏರ್ಪಾಡಾಗಿತ್ತು. ಈ ತುದಿಯಲ್ಲಿ, ತಾರಸಿಯ ಮೇಲೆ, ಸ್ವಾಗತ ಸಮಿತಿ ಸೇರಿತ್ತು. ಮುನಿವೆಂಕಟಪ್ಪ ತಲೆಗೆ ಟವೆಲು ಸುತ್ತಿ ಕುರ್ಚಿ ಹಾಕಿಸಿಕೊಂಡಿದ್ದರು. ಹನುಮಕ್ಕ ಮೆಣಸಿನಕಾಯಿಯನ್ನು ಒಂದು ಮೂಲೆಗೆ ಸರಿಸಿ ಜಾಗ ಮಾಡಿದ್ದರು. ಅಂಬುಜಾ ಅಮ್ಮನಿಗೆ ಮೇಲಿನಿಂದ ಕಾಣಲೆಂದು ಕೆಂಪು ಸೀರೆಯೊಂದನ್ನು ಬೀಸಲು ಹಿಡಿದಿದ್ದಳು.

“ಬಂತು!” ಎಂದ ಚಕ್ರಪಾಣಿ. ಕಾಣುವುದಕ್ಕೆ ಮುಂಚೆಯೇ ಅಂದ. ಕಿವಿಯಲ್ಲೇ ಹೇಳುವಷ್ಟು ಪಳಗಿದ್ದನಂತೆ. “ಆವ್ರೋ! ರೆಕ್ಕೆ ಕೆಳಗಿದೆ, ನೂರಕ್ಕೆ ನೂರು ಆವ್ರೋ. ಬೀಸು, ಬೀಸು!”

“ಅಮ್ಮಾ! ಅಮ್ಮಾ! ಇಲ್ಲೀ...” ಅಂಬುಜಾ ಸೀರೆ ಬೀಸಿದಳು. ಹನುಮಕ್ಕ ಕೈ ಬೀಸಿದರು. ಮುನಿವೆಂಕಟಪ್ಪ ದೊಡ್ಡವರಿಗೆ ಬೀಸುವುದು ಸರಿಯಲ್ಲವೆಂದು ಎದ್ದು ನಿಂತು ಕೈಮುಗಿದರು.

ದುರ್ಬೀನಿನೊಳಗೆ ಚಕ್ರಪಾಣಿಯ ಕಣ್ಣು ಮೂಗಿನಿಂದ ರೆಕ್ಕೆಗೆ, ಎಡ ರೆಕ್ಕೆಯಿಂದ ಬಲ ರೆಕ್ಕೆಗೆ ಸರಿಯಿತು. ಅಲ್ಲೇ ನಿಂತಿತು. ಬಾಯಿ ತೆರೆದುಕೊಂಡಿತು. ಆ ಕ್ಷಣದಲ್ಲಿ ಜಾಣನಾದವನು ತೆಪ್ಪಗಿರುತ್ತಿದ್ದ. ಆದರೆ ತಜ್ಞನಿಗೆ ತೆಪ್ಪಗಿರಲು ಬರುವುದಿಲ್ಲವಲ್ಲ.

“ಬಲಗಡೆ ಫ್ಯಾನು... ತಿರುಗ್ತಾ ಇಲ್ಲ” ಎಂದುಬಿಟ್ಟ.

“ಯಾವ ಫ್ಯಾನು?”

“ರೆಕ್ಕೇದು. ಆ ಕಡೆ ಎಂಜಿನ್ ನಿಂತುಹೋಗಿದೆ ಅಂಬು.”

ಸೀರೆ ಅಂಬುಜಾಳ ಕೈಯಿಂದ ಜಾರಿ ಮೆಣಸಿನಕಾಯಿಯ ಮೇಲೆ ಬಿತ್ತು. ಮುನಿವೆಂಕಟಪ್ಪ ಸಮಾಧಾನ ಹೇಳುವವರಂತೆ ಮುಂದೆ ಬಂದರು. “ನಮ್ ಪಂಪ್‌ಸೆಟ್ಟೂ ಹಿಂಗೇ ನಿಂತೋಗಿತ್ತು ಸ್ವಾಮಿ. ಏನೂ ಆಗ್ಲಿಲ್ಲ...” ಎಂದವರು ಒಂದು ಗಳಿಗೆ ಯೋಚಿಸಿ ಸೇರಿಸಿದರು, “ಆದ್ರೆ ಅದು ನೆಲದ ಮೇಲಿತ್ತು.”

ಅಂಬುಜಾ ದೊಪ್ಪನೆ ಕೂತಳು. “ತೆಪ್ಪಗೆ ರೈಲಲ್ಲಿ ಬರೋಳನ್ನ ಮೇಲಕ್ಕೆ ಹತ್ತಿಸಿದ್ರಲ್ರೀ! ನಿಮ್ಮ ಹಾಳು ದುರ್ಬೀನು ಉಳಿಸ್ಕೊಳ್ಳೋಕೆ ನಮ್ಮಮ್ಮನ್ನ ಬಲಿ ಕೊಟ್ರಲ್ರೀ!”

ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ಚಕ್ರಪಾಣಿಗೂ ಗೊತ್ತಿತ್ತು. ಅತ್ತೆ ಬೈಯುತ್ತಿದ್ದರು, ಹೌದು. ಆದರೆ ಅಳಿಯಂದಿರಿಗೆ ಇಷ್ಟವೆಂದು ಪ್ರತಿಸಲ ಡಬ್ಬದ ತುಂಬ ಗರಿಗರಿಯಾಗಿ ಕರಿದ ತೇಂಗೊಳಲು ತರುತ್ತಿದ್ದವರೂ ಅವರೇ. ಈಗಲೂ ಆ ಡಬ್ಬ ಅವರ ತೊಡೆಯ ಮೇಲೆ, ಅಷ್ಟೆತ್ತರದಲ್ಲಿ, ಒಂದೇ ಎಂಜಿನ್ನಿನ ಮೇಲೆ... ವಿಮಾನ ತೆಂಗಿನಮರಗಳ ಹಿಂದೆ ಮರೆಯಾಯಿತು.

“ಅಳೋದು ಆಮೇಲೆ! ಮೊದ್ಲು ಮುಡಿಪು ಕಟ್ರಮ್ಮ” ಎಂದು ಗದರಿಸಿ ಎಲ್ಲರನ್ನೂ ಕೆಳಗಿಳಿಸಿದವರು ಹನುಮಕ್ಕ. ಬಿಳೀ ಬಟ್ಟೆ ಹರಿದು, ಅರಿಸಿನದ ನೀರಲ್ಲಿ ಅದ್ದಿ, ದೇವರ ಮುಂದೆ ಹರಡಿದರು. ಚಕ್ರಪಾಣಿ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದ. ಹನುಮಕ್ಕ ಅದನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದರು. “ರೂಪಾಯ್ಗೆ ಯಾವ ದೇವ್ರು ಅಷ್ಟ್ ಮೇಲಕ್ ಹೋಗಿ ಇಡ್ಕಂತಾನೆ? ಪಿರೂತಿ ಇರೋದ್ ಏನಾದ್ರೂ ಇಡಿ!”

ಚಕ್ರಪಾಣಿ ಕತ್ತಿನಿಂದ ದುರ್ಬೀನಿನ ಪಟ್ಟಿ ತೆಗೆದ. ಯಾರೂ ಕೇಳಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ತಾನೇ ಅರಿಸಿನ ಬಟ್ಟೆಯ ಮೇಲಿಟ್ಟು, ಕೈಮುಗಿದು ಅಂದ, “ತಿರುಪತಿ ತಿಮ್ಮಪ್ಪಾ, ನಮ್ಮತ್ತೆ ಕ್ಷೇಮವಾಗಿ ನಮ್ಮನೆ ಸೇರಿದ್ರೆ ಇದನ್ನ ತಂದು ನಿನ್ನ ಹುಂಡಿಗೆ ಹಾಕ್ತೀನಪ್ಪಾ.” ಹನುಮಕ್ಕ ಬಿಗಿಯಾಗಿ ಗಂಟು ಹಾಕಿದರು.

ಎಲ್ಲರೂ ತಲೆಬಗ್ಗಿಸಿ ಕೂತಿದ್ದಾಗ ಮನೆಯ ಮೇಲೆ ಇನ್ನೊಂದು ವಿಮಾನ ಹೋದ ಸದ್ದಾಯಿತು. ಆವ್ರೋ, ಎರಡೂ ಎಂಜಿನ್ನು, ಎಂದಿತು ಚಕ್ರಪಾಣಿಯ ಕಿವಿ. ಅಭ್ಯಾಸಬಲದಿಂದ ಅರ್ಧ ಎದ್ದ. ಅಂಬುಜಾ ಪಂಚೆ ಹಿಡಿದು ಕೂರಿಸಿದಳು. “ಈಗಲೂ ಬೇಕಾ ನಿಮಗೆ?” ಎಂದು ಅವಳು ಕೇಳಿದ ರೀತಿಗೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಷ್ಟರಲ್ಲಿ ಮುಂದಿನ ಭಾಗದಲ್ಲಿ ಮುನಿವೆಂಕಟಪ್ಪನವರ ಟೆಲಿಫೋನು ಬಡಿದುಕೊಂಡಿತು. (ಆ ರಸ್ತೆಗೆಲ್ಲ ಅದೊಂದೇ. ಅವರು ಅದರಲ್ಲಿ ಮಾತಾಡಿದರೆ ಟೆಲಿಫೋನಿಲ್ಲದೆಯೂ ಆ ಕಡೆಗೆ ಕೇಳಿಸುತ್ತಿತ್ತು.) “ಯಾರೂ? ಲಕ್ಷ್ಮೀಪತಿಗಳಾ? ಆಂ? ಸ್ವಾಮೀ, ವಿಮಾನ ಇಳೀತಂತೆ! ಸಲೀಸಾಗಿ ಇಳೀತಂತೆ!”

ಹಿಂದಿನ ಭಾಗದಲ್ಲಿ ಅಂಬುಜಾ ಗಂಡನ ಭುಜ ಹಿಡಿದು ಅತ್ತಳು. ಚಕ್ರಪಾಣಿಯೂ ಅತ್ತ. ಮತ್ತೆ ಮುಂದಿನ ಭಾಗದಿಂದ ದನಿ ಬಂತು. ಈ ಸಲ ಕೊಂಚ ಸಣ್ಣಗೆ.

“ಎಲ್ರೂ ಇಳಿದ್ರಂತೆ ಸ್ವಾಮಿ. ನಿಮ್ಮತ್ತೆಯವ್ರು ಮಾತ್ರ ಇಳೀಲಿಲ್ವಂತೆ.”

“ಇಳೀಲಿಲ್ಲ ಅಂದ್ರೆ?” ಎಂದಳು ಅಂಬುಜಾ. “ಇಳೀಲಿಲ್ಲ ಅಂದ್ರೆ ಏನ್ರೀ ಅರ್ಥ? ಮಧ್ಯದಲ್ಲಿ ಎಲ್ಲಿ ಇಳೀತಾರೆ?” ಮುನಿವೆಂಕಟಪ್ಪ ಬಂದು, ಮಾಗಡಿ ರಸ್ತೆಯ ಬಸ್ಸಿನಲ್ಲಿ ಬಾಗಿಲ ಬಳಿ ನಿಂತವರು ಹೇಗೆ ಉದುರುತ್ತಾರೆಂದು ವಿವರಿಸಲು ಶುರು ಮಾಡಿದರು. ಹನುಮಕ್ಕ ಅವರ ಬಾಯಿ ಮುಚ್ಚಿಸಿದರು.

ಆಗ ಗೇಟಿನ ಬಳಿ ಆಟೋ ನಿಂತ ಸದ್ದಾಯಿತು.

“ಯಾಕೋ ಅಣ್ಣಯ್ಯ, ಸಿಟಿ ಸ್ಟೇಷನ್ನಿಂದ ಇಲ್ಲಿಗೆ ಅಷ್ಟೊಂದಾ? ಮೇಲೆ ಒಂದು ಕಾಸೂ ಕೊಡಲ್ಲ!” ಎಂಬ ದನಿ. ಆ ದನಿಯನ್ನು ಗುರುತಿಸಲು ದುರ್ಬೀನು ಬೇಕಿರಲಿಲ್ಲ.

ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ತೇಂಗೊಳಲಿನ ಡಬ್ಬ, ಮುಖದ ತುಂಬ ರೈಲಿನ ಮಸಿ ಹೊತ್ತು ಅನಂತಲಕ್ಷ್ಮಮ್ಮ ಒಳಗೆ ಬಂದರು. ಅಂಬುಜಾ ಗೋಡೆಗೆ ಒರಗಿದಳು. “ಅಮ್ಮಾ... ಎಲ್ಲಿ ಬಿದ್ದೆ? ಪೆಟ್ಟಾಯ್ತಾ?”

“ಬೀಳೋದ್ಯಾಕೆ? ಜಾಗ ಹಿಡ್ಕೊಂಡು ಜುಂ ಅಂತ ಕೂತು ಬಂದೆ. ಆ ಹಾಳು ವಿಮಾನ ಹೊರಡೋದು ಸರಿಯಾಗಿ ರಾಹುಕಾಲಕ್ಕೆ ಕಣೇ! ನೆಲದ ಮೇಲೇ ರಾಹುಕಾಲದಲ್ಲಿ ಹೊರಡಲ್ಲ ನಾನು, ಆಕಾಶದಲ್ಲಿ ರಾಹು ಇರೋ ಜಾಗಕ್ಕೇ ಹೋಗ್ತೀನಾ? ನಿನ್ನೆ ಬೆಳಿಗ್ಗೆನೇ ರೈಲು ಹತ್ತಿಬಿಟ್ಟೆ. ತಂತಿ ಕೊಡ್ತೀನಿ ಅಂದ ಕಿಟ್ಟಿ. ಬೇಡ ಕಣೋ, ತಂತಿ ಅಂದ್ರೆ ಮನೇಲಿ ಗಾಬರಿ ಬೀಳ್ತಾರೆ ಅಂತ ನಾನೇ ತಡೆದೆ.”

ಚಕ್ರಪಾಣಿಗೆ ಮೊದಲು ಬಂದದ್ದು ಸಂತೋಷ, ಶುದ್ಧವಾದ ಸಂತೋಷ. ಎರಡನೆಯದಾಗಿ ಬಂದದ್ದು ಒಂದು ಯೋಚನೆ. ಅತ್ತೆ ವಿಮಾನದಲ್ಲಿ ಇರಲೇ ಇಲ್ಲ. ಅಂದಮೇಲೆ ಅಪಾಯವೂ ಇರಲಿಲ್ಲ. ಅಂದಮೇಲೆ ಹರಕೆಯೂ... ಅವನು ಮೆಲ್ಲಗೆ ದೇವರ ಮನೆಗೆ ಸರಿದು, ಗಂಟಿನ ತುದಿಗೆ ಬೆರಳು ಹಚ್ಚಿದ.

“ಕೈ ತೆಗೀರಿ!” ಎಂದಳು ಅಂಬುಜಾ.

“ಅಲ್ಲ ಕಣೇ, ನಿಮ್ಮಮ್ಮ ಅದರಲ್ಲಿ ಇರಲೇ ಇಲ್ಲವಲ್ಲ!”

“ಅತ್ತೆ ಕ್ಷೇಮವಾಗಿ ಮನೆ ಸೇರಿದ್ರೆ ಅಂದ್ರಿ. ಸೇರಿದ್ಲೋ ಇಲ್ವೋ? ಯಾವುದರಲ್ಲಿ ಬಂದ್ಲು ಅಂತ ತಿಮ್ಮಪ್ಪ ಟಿಕೆಟ್ ಕೇಳ್ತಾನಾ?”

“ಅದು ಆ ವಿಮಾನವೇ ಅಲ್ಲ ಅಂಬು! ಈಗ ಜ್ಞಾಪಕ ಬಂತು. ಪೈಲಟ್ಟುಗಳಿಗೆ ತರಬೇತಿ ಕೊಡುವಾಗ ಬೇಕೂಂತಲೇ ಒಂದು ಎಂಜಿನ್ ಆರಿಸಿ ಓಡಿಸ್ತಾರೆ. ನಾನು ನೋಡಿದ್ದು ಅದು. ಬೊಂಬಾಯಿದು ಆಮೇಲೆ ಹೋಯ್ತಲ್ಲ, ಅದು!” ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಚಕ್ರಪಾಣಿಗೆ ಹೊಳೆಯಿತು.

ಅಂಬುಜಾಗೂ ಹೊಳೆಯಿತು. “ಅಂದ್ರೆ ನಿಮಗೆ ಗುರುತೇ ಸಿಗಲಿಲ್ಲ ಅಂತಾಯ್ತು. ಗುರುತೇ ಸಿಗದೋರಿಗೆ ದುರ್ಬೀನು ಯಾಕೆ?”

ಹನುಮಕ್ಕ ನಡೆದುದನ್ನೆಲ್ಲ ಅನಂತಲಕ್ಷ್ಮಮ್ಮನವರಿಗೆ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಅತ್ತೆ ಕಾಫಿ ಲೋಟ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಳಿಯನನ್ನು ಮದುವೆಯಾದಾಗಿನಿಂದ ಎಂದೂ ನೋಡದಷ್ಟು ಪ್ರೀತಿಯಿಂದ ನೋಡಿದರು. “ನನಗೋಸ್ಕರ ಅದನ್ನೇ ಕಟ್ಟಿಬಿಟ್ರಾ ಅಳಿಯಂದಿರೇ? ನಿಮ್ಮನ್ನ ನಾನು ಎಷ್ಟು ಆಡ್ಕೊಂಡೆ!”

“ಇರಲಿ ಬಿಡಿ ಅತ್ತೆ” ಎಂದ ಚಕ್ರಪಾಣಿ. ಅವನಿಗೂ ಮನಸ್ಸು ಕರಗಿತು. ದುರ್ಬೀನು ಹೋದರೆ ಹೋಯಿತು, ಮರ್ಯಾದೆಯಾದರೂ ಉಳಿಯಿತು ಅಂದುಕೊಂಡ.

“ಈಗ ನನಗೆ ಧೈರ್ಯ ಬಂತು” ಎಂದರು ಅತ್ತೆ. “ಹೋಗೋವಾಗ ವಿಮಾನದಲ್ಲೇ ಹೋಗ್ತೀನಿ, ರಾಹುಕಾಲ ತಪ್ಪಿಸಿ. ಹೀಗೆ ಹರಕೆ ಹೊರೋ ಅಳಿಯಂದಿರು ಇರೋವಾಗ ಭಯ ಯಾಕೆ? ಇನ್ನೊಂದು ಮುಡಿಪು ಕಟ್ಟಿಬಿಟ್ರೆ ಆಯ್ತು.”

“ಇನ್ನೇನಿದೆ ಅತ್ತೆ ನನ್ನ ಹತ್ರ, ಪ್ರೀತಿಯಾದ್ದು?” ಎಂದು ಚಕ್ರಪಾಣಿ ನಕ್ಕ.

ಅಂಬುಜಾ ಹನುಮಕ್ಕನ ಮುಖ ನೋಡಿದಳು. ಹನುಮಕ್ಕ ಅನಂತಲಕ್ಷ್ಮಮ್ಮನವರ ಮುಖ ನೋಡಿದರು. ಆಮೇಲೆ ಮೂವರೂ ಒಟ್ಟಿಗೆ ಚಕ್ರಪಾಣಿಯ ಕಡೆ ತಿರುಗಿದರು, ಆದರೆ ಅವನ ಕಣ್ಣನ್ನಲ್ಲ, ಅದಕ್ಕಿಂತ ಕೊಂಚ ಮೇಲೆ ನೋಡಿದರು.

ಚಕ್ರಪಾಣಿಯ ನಗು ನಿಂತಿತು. ಅವನ ಎರಡೂ ಕೈಗಳು ತಾವಾಗಿಯೇ ಹೋಗಿ ಕ್ರಾಪನ್ನು ಗಟ್ಟಿಯಾಗಿ ಹಿಡಿದುಕೊಂಡವು.

“ತಿಮ್ಮಪ್ಪನ ಹತ್ರ ಹೇಗೂ ಹೋಗ್ತೀವಲ್ರೀ” ಎಂದಳು ಅಂಬುಜಾ.