ಉಕ್ಕಿದ ಕಡಾಯಿ ಮತ್ತು ಮೂರು ಲಿಖಿತ ವಿವರಣೆಗಳು

ಸುತ್ತೋಲೆ ಸಂಖ್ಯೆ: ಬಿಯರ್/ಕುದಿ/ಉಕ್ಕು/04

ವಿಷಯ: ಬಿಯರ್ ಕುದಿಸುವ ಕಡಾಯಿಯು ಪೂರ್ವಾನುಮತಿ ಇಲ್ಲದೆ ಉಕ್ಕುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಮೊದಲನೇ ಉಕ್ಕು. 2) ಅದಕ್ಕೆ ವಿವರಣೆ ಬರೆಯುತ್ತಿದ್ದಾಗ ಸಂಭವಿಸಿದ ಎರಡನೇ ಉಕ್ಕು. 3) ಎರಡಕ್ಕೂ ಸೇರಿಸಿ ವಿವರಣೆ ಬರೆಯುತ್ತಿದ್ದಾಗ ಸಂಭವಿಸಿದ ಮೂರನೇ ಉಕ್ಕು.

ಬಾರ್ಲಿ ರಸವು ಕುದಿ ಹತ್ತುವಾಗಲೂ ಕಹಿಗಾಗಿ ಹಾಪ್ಸ್ ಹೂ ಹಾಕಿದ ಕೂಡಲೇಯೂ ನೊರೆ ಏಳುವುದೆಂದು, ಆಗ ಯಾರಾದರೂ ಪಕ್ಕದಲ್ಲೇ ನಿಂತು ಕಡಾಯಿ ಕಾಯಿಸುವ ಹಬೆ ತಗ್ಗಿಸಿ ತಣ್ಣೀರು ಚಿಮುಕಿಸಿದರೆ ಇಳಿಯುವುದೆಂದು ಕೂಲಂಕಷ ಪರಿಶೀಲನೆಯಿಂದ ಕಂಡುಬಂದಿರುತ್ತದೆ. ಎಲ್ಲರೂ ‘ಕಡಾಯಿ ಮಾವ’ ಎಂದು ಕರೆಯುವ ನೌಕರರು ಇಪ್ಪತ್ತಾರು ವರ್ಷಗಳಿಂದ ಈ ಕೆಲಸವನ್ನು ಯಾವ ಸುತ್ತೋಲೆಯ ನೆರವೂ ಇಲ್ಲದೆ ಮಾಡಿಕೊಂಡು ಬಂದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಹೊಸದಾಗಿ ಬಂದ ಕೆಳಗೆ ಸಹಿ ಮಾಡಿದವರು ಪರಿಚಯಕ್ಕೆಂದು ಅವರನ್ನು ಕೊಠಡಿಗೆ ಕರೆಸಿಕೊಂಡಾಗ ಮೊದಲನೇ ಉಕ್ಕು ಸಂಭವಿಸಿತು.

ಮಾವನವರು ಮೂರನೇ ವಿವರಣೆಯಲ್ಲಿ, “ಸ್ವಾಮಿ, ನೊರೆ ಏಳೋ ಹೊತ್ತಿಗೇ ಸರಿಯಾಗಿ ಕರೀತೀರಿ. ಬಂದ್ರೆ ಕಡಾಯಿ ಉಕ್ಕುತ್ತೆ, ಬರದಿದ್ರೆ ನೀವು ಉರಿದು ಬೀಳ್ತೀರಿ. ನಾನು ಏನ್ ಮಾಡ್ಲಿ?” ಎಂದು ಬರೆದಿದ್ದು, ಭಾಷೆಯು ಕಚೇರಿಗೆ ತಕ್ಕುದಲ್ಲವಾದ್ದರಿಂದ ಅರ್ಥವನ್ನು ಪರಿಗಣಿಸಲಾಗಿಲ್ಲ. ಮನೆಯಲ್ಲಿ ಹೆಂಡತಿ ಹಾಲಿನ ಪಾತ್ರೆಯನ್ನೂ ತಮ್ಮ ಕೈಗೆ ಕೊಡುತ್ತಿಲ್ಲವೆಂದು ಅವರು ನೊಂದು ಬರೆದಿರುವುದು ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಕಡಾಯಿಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬತಕ್ಕದ್ದಲ್ಲ. ಉಳಿದ ಕಾಲು ಭಾಗವನ್ನು ನೊರೆಗೆ ಮೀಸಲಿಡಲಾಗಿದೆ. ಬೇರೆಯವರು ಹಕ್ಕು ಸಾಧಿಸುವಂತಿಲ್ಲ.

2. ನೊರೆಯು ಅಂಚಿನಿಂದ ಒಂದು ಗೇಣು ಕೆಳಗಿರುವಾಗಲೇ ನಮೂನೆ ‘ನೊ’ ಭರ್ತಿ ಮಾಡಿ, ನೀರು ಚಿಮುಕಿಸಲು ಅನುಮತಿ ಕೋರತಕ್ಕದ್ದು. ಅನುಮತಿಯು ಮೂರು ಕೆಲಸದ ದಿನಗಳಲ್ಲಿ ಬರುವುದು. ಅಲ್ಲಿಯವರೆಗೆ ನೊರೆಯು ಯಥಾಸ್ಥಿತಿ ಕಾಪಾಡತಕ್ಕದ್ದು.

3. ಉಕ್ಕುವ ವೇಳೆ ಕಡಾಯಿಯ ಹೊಣೆ ಹೊತ್ತವರನ್ನು, ಅವರು ಯಾವ ದರ್ಜೆಯವರೇ ಆಗಿರಲಿ, ಮರುದಿನವೇ ಬಾಟಲಿ ತೊಳೆಯುವ ವಿಭಾಗಕ್ಕೆ ಕಾಯಂ ಆಗಿ ವರ್ಗಾಯಿಸಲಾಗುವುದು. ಮೇಲ್ಮನವಿಗೆ ಅವಕಾಶವಿಲ್ಲ. (ಇದರ ಕರಡನ್ನು ಓದಿದ ಮಾವನವರು ನೀರಿನ ಪೈಪನ್ನು ಸುತ್ತಿ ಗೂಟಕ್ಕೆ ಹಾಕಿದರೆಂದೂ, ಮಧ್ಯಾಹ್ನ ಊಟಕ್ಕೆ ಏಳಲಿಲ್ಲವೆಂದೂ ವರದಿಯಾಗಿದೆ.)

4. ಈ ಸುತ್ತೋಲೆ ತಲುಪಿದ್ದಕ್ಕೆ ಮಾವನವರು ಕಚೇರಿಗೆ ಬಂದು ಹನ್ನೆರಡು ಕಡೆ ಸಹಿ ಮಾಡತಕ್ಕದ್ದು. ಅಷ್ಟು ಹೊತ್ತು ಕಡಾಯಿಯ ಹೊಣೆಯನ್ನು ಕೆಳಗೆ ಸಹಿ ಮಾಡಿದವರೇ ಖುದ್ದಾಗಿ ಹೊರುವರು.

ಷರಾ: ನಾಲ್ಕನೇ ಷರತ್ತನ್ನು ಇಂದು ಬೆಳಿಗ್ಗೆ ಜಾರಿಗೊಳಿಸಲಾಯಿತು. ಒಂಬತ್ತನೇ ಸಹಿಯ ವೇಳೆಗೆ ನಾಲ್ಕನೇ ಉಕ್ಕು ಸಂಭವಿಸಿತು. ಕೆಳಗೆ ಸಹಿ ಮಾಡಿದವರು ಆಗ ನಮೂನೆ ‘ನೊ’ ಭರ್ತಿ ಮಾಡುತ್ತಿದ್ದರು. ಮಾವನವರು ಪೆನ್ನು ಬಿಸಾಕಿ ಓಡಿ ಬಂದು, ಹಬೆ ತಗ್ಗಿಸಿ, ಯಾವ ಅನುಮತಿಯೂ ಇಲ್ಲದೆ ನೀರು ಚಿಮುಕಿಸಿದರು. ನೊರೆ ಇಳಿಯಿತು. “ಕಾಲು ಹಿಂದಕ್ಕೆ ತಗೊಳ್ಳಿ ಸ್ವಾಮಿ, ಸುಟ್ಟೀತು” ಎಂದಷ್ಟೇ ಅವರು ಹೇಳಿದ್ದನ್ನು ದಾಖಲಿಸಲಾಗಿದೆ.

ಸಹಿ/-
ಮೇಲ್ವಿಚಾರಕರು, ಕುದಿತ ವಿಭಾಗ
(ಇಂದು ಸಂಜೆಯವರೆಗೆ)

ಪ್ರತಿಗಳು:
1. ಕಡಾಯಿ ಮಾವ ಅವರಿಗೆ: ಉಳಿದ ಮೂರು ಸಹಿಗಳನ್ನು ಮನ್ನಾ ಮಾಡಲಾಗಿದೆ. ಕಡಾಯಿ ಬಿಟ್ಟು ಬರತಕ್ಕದ್ದಲ್ಲ.
2. ಅವರ ಹೆಂಡತಿಯವರಿಗೆ: ಹಾಲಿನ ಪಾತ್ರೆಯನ್ನು ಮರಳಿಸುವ ಬಗ್ಗೆ ಸಹಾನುಭೂತಿಯಿಂದ ಪರಿಶೀಲಿಸಲು.
3. ಬಾಟಲಿ ತೊಳೆಯುವ ವಿಭಾಗಕ್ಕೆ: ಮೇಲೆ ಸಹಿ ಮಾಡಿದವರಿಗೆ ನಾಳೆಯಿಂದ ಒಂದು ಜೊತೆ ರಬ್ಬರ್ ಬೂಟು ಸಿದ್ಧವಿಡಲು. ಅಳತೆ ಎಂಟು.